ನೀಲಿ ಸೀಮೆಸುಣ್ಣಕ್ಕೆ ಅರಗು ಬೆರೆಸಿದ್ದು

ನನ್ನ ಅಳಿಯ ಚನ್ನಪಟ್ಟಣದಲ್ಲಿ ಗೊಬ್ಬರದ ಅಂಗಡಿಯೊಂದರ ಮಹಡಿ ಮೇಲೆ ಸ್ನೂಕರ್ ಆಡಿಸುತ್ತಾನೆ. ಎರಡು ದೊಡ್ಡ ಮೇಜು, ಮೇಲೆ ಹಸಿರು ಬಟ್ಟೆ, ಸುತ್ತ ಕೋಲು ಹಿಡಿದುಕೊಂಡ ಗಂಡಸರು. ಮಗಳ ಮನೆಗೆ ಬಂದ ಮೇಲೆ ಬೆಳಿಗ್ಗೆ ಅಲ್ಲಿ ಕಸ ಗುಡಿಸುವುದು, ಸಂಜೆ ಆಡುವವರಿಗೆ ಟೀ ಕಾಯಿಸಿ ಕೊಡುವುದು ನನ್ನ ಕೆಲಸ ಆಯಿತು. ಯಾರೂ ಹೇಳಲಿಲ್ಲ. ಅಳಿಯನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವವಳು ಅನ್ನಿಸಿಕೊಳ್ಳಬಾರದು ಅಂತ ನಾನೇ ಮೈಮೇಲೆ ಹಾಕಿಕೊಂಡೆ.

ಅಲ್ಲಿ ಒಬ್ಬ ಮಾರ್ಕರ್ ಇದ್ದ. ಚೆಂಡು ಜೋಡಿಸುವುದು, ಆಟದ ಅಂಕ ಕೂಗುವುದು, ಮೇಜಿನ ಬಟ್ಟೆಗೆ ಬ್ರಷ್ ಎಳೆದು ಇಸ್ತ್ರಿ ಮಾಡುವುದು ಎಲ್ಲ ಅವನದೇ. ರಾಮನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಅರವತ್ತು ದಾಟಿತ್ತು. ಬೆಂಗಳೂರಿನ ಯಾವುದೋ ಕ್ಲಬ್ಬಿನಲ್ಲಿ ನಲವತ್ತು ವರ್ಷ ಇದೇ ಕೆಲಸ ಮಾಡಿ ಬಂದವನು. ನನ್ನನ್ನು ಅಕ್ಕಾ ಅನ್ನುತ್ತಿದ್ದ. ನಾನು ಮಾರ್ಕರಪ್ಪ ಅನ್ನುತ್ತಿದ್ದೆ.

ಆ ಆಟದ ಕೋಲಿನ ತುದಿಗೆ ಒಂದು ಚೂರು ಚರ್ಮ ಅಂಟಿಸಿರುತ್ತಾರೆ. ಚೆಂಡಿಗೆ ಹೊಡೆಯುವ ಮೊದಲು ಆ ಚರ್ಮಕ್ಕೆ ನೀಲಿ ಸೀಮೆಸುಣ್ಣ ಸವರಬೇಕು, ಇಲ್ಲದಿದ್ದರೆ ಚೆಂಡಿನ ಮೇಲೆ ಕೋಲು ಜಾರುತ್ತೆ. ಚಾಕ್ ಅಂತಾರೆ ಅದಕ್ಕೆ, ಮೈಸೂರುಪಾಕಿನ ಸಣ್ಣ ತುಂಡಿನಷ್ಟು ಇರುತ್ತೆ, ನಾಲ್ಕೂ ಕಡೆ ಕಾಗದ ಸುತ್ತಿರುತ್ತೆ. ನಮ್ಮಲ್ಲಿ ಆಡಲು ಬರುವವರಿಗೆ ಅದರ ಮೇಲೆ ಕರುಣೆ ಇರಲಿಲ್ಲ. ಕೋಲನ್ನು ನಡುವೆ ಇಟ್ಟು ಗಿರಗಿರ ತಿರುಗಿಸುವರು. ನಾಲ್ಕು ದಿನಕ್ಕೆ ನಡುವೆ ಗುಂಡಿ ಬಿದ್ದು ಸುತ್ತಲ ಗೋಡೆ ಮಾತ್ರ ನಿಂತಿರುತ್ತಿತ್ತು.

ಮಾರ್ಕರಪ್ಪ ಬೈಯುತ್ತಿದ್ದ. "ಲೇ, ಅದೇನು ಬೋರ್‌ವೆಲ್ಲಾ, ಹಂಗ್ ಕೊರೀತಿದ್ದೀಯಲ್ಲೋ? ಹಣೆಗೆ ಕುಂಕುಮ ಸವರ್ದಂಗೆ ಸವರು. ಅಡ್ಡಡ್ಡ ಎಳಿ, ಚಾಕ್ ತಿರುಗಿಸ್ಕೊಂಡು ಎಲ್ಲಾ ಮೂಲೆನೂ ಸವೆಸು."

ಅವರು ನಗುವರು. ಎಲ್ಲ ಹೋದ ಮೇಲೆ ಅವನು ಒಂದು ಪಾಲಿಶ್ ಪೇಪರ್ ಹಾಸಿಕೊಂಡು ಗುಂಡಿ ಬಿದ್ದ ಚಾಕ್‌ಗಳನ್ನು ಮಗುಚಿ ಉಜ್ಜುತ್ತಿದ್ದ. ಎದ್ದು ನಿಂತ ಅಂಚು ಇಳಿದು ಮೇಲ್ಭಾಗ ಸಮ ಆಗುತ್ತಿತ್ತು, ಇನ್ನೊಂದು ವಾರ ಬರುತ್ತಿತ್ತು. ತೇವ ತಾಕಬಾರದು ಅಂತ ಡಬ್ಬದಲ್ಲಿ ಹಾಕಿಡುವನು. ಉಗುರಿನಷ್ಟು ಉಳಿದ ಮೇಲೆ ಮಾತ್ರ ಎಸೆಯುವನು.

ಆ ಎಸೆದದ್ದನ್ನು ನಾನು ಗುಡಿಸುವಾಗ ಆರಿಸಿಕೊಳ್ಳುತ್ತಿದ್ದೆ.

ಯಾಕೆಂದರೆ ನಾನು ಮೂವತ್ತು ವರ್ಷ ಬೊಂಬೆ ಕಾರ್ಖಾನೆಯಲ್ಲಿ ಕೂತವಳು. ಅಕ್ಕೂರಿನಿಂದ ಮದುವೆಯಾಗಿ ಬಂದ ವರ್ಷವೇ ಲೇತ್ ಮಿಷನ್ನಿನ ಮುಂದೆ ಕೂರಿಸಿದರು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯಬೇಕು, ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ತಾಳೆಗರಿ ಒತ್ತಿದರೆ ಮುಖ ಕಾಣುವ ಹಾಗೆ ಹೊಳೆಯುತ್ತೆ. ಅಲ್ಲಿ ಅರಗಿನ ಒಂದು ಚೂರೂ ಎಸೆಯುವ ಹಾಗಿರಲಿಲ್ಲ. ತುಂಡು ಕಡ್ಡಿಗಳನ್ನೆಲ್ಲ ಕೆಂಡದ ಮೇಲೆ ಕರಗಿಸಿ, ಬಣ್ಣದ ಪುಡಿ ಹಾಕಿ, ಹಿಟ್ಟು ನಾದಿದ ಹಾಗೆ ನಾದಿ ಮತ್ತೆ ಹೊಸ ಕಡ್ಡಿ ಮಾಡುತ್ತಿದ್ದೆವು.

ಒಂದು ದಿನ ಮಾರ್ಕರಪ್ಪನಿಗೆ ಕೇಳಿದೆ. "ಈ ಚೂರುಗಳ್ನೆಲ್ಲಾ ಸೇರಿಸಿ ಹೊಸದು ಮಾಡಕಾಗಲ್ವಾ?"

"ಆಗಲ್ಲ ಅಕ್ಕಾ. ಸವೆಯೋಕೇ ಹುಟ್ಟಿರೋದು ಅದು. ಸವೆದ್ರೇನೇ ಕೆಲ್ಸ ಮಾಡಿದಂಗೆ."

"ನಿಮ್ಗೆ ಬರಲ್ಲ ಅನ್ನಿ."

ನಕ್ಕ. "ಆಯ್ತು, ನಂಗೆ ಬರಲ್ಲ."

ನನಗೆ ಅದು ಚುಚ್ಚಿತು. ಇವನಿಗೆ ಮಾಡಿ ತೋರಿಸಬೇಕು ಅನ್ನಿಸಿತು. ಅಳಿಯನ ಕೈಯಲ್ಲೂ ಒಮ್ಮೆ ಭೇಷ್ ಅನ್ನಿಸಿಕೊಳ್ಳಬೇಕು ಅಂತಲೂ ಇತ್ತು, ಅದನ್ನು ಯಾಕೆ ಮುಚ್ಚಿಡಲಿ.

ಮಗಳು ತರಕಾರಿಗೆ ಹೋದ ಒಂದು ಮಧ್ಯಾಹ್ನ ಚೂರುಗಳನ್ನೆಲ್ಲ ಕುಟ್ಟಿ, ಹಳೇ ಪಂಚೆಯಲ್ಲಿ ಸೋಸಿದೆ. ಹಳೇ ಕಾರ್ಖಾನೆಯಿಂದ ತಂದಿಟ್ಟಿದ್ದ ಅರಗು ಕರಗಿಸಿ ಆ ನೀಲಿ ಪುಡಿ ಬೆರೆಸಿ ನಾದಿದೆ. ಚೌಕ ಕತ್ತರಿಸಿ, ಹೆಬ್ಬೆಟ್ಟಿನಿಂದ ನಡುವೆ ಒಸಿ ತಗ್ಗು ಮಾಡಿದೆ. ಆರಿದ ಮೇಲೆ ಕಲ್ಲಿನ ಹಾಗೆ ಗಟ್ಟಿ. ಎಷ್ಟು ದಿನ ಉಜ್ಜಿದರೂ ಇದು ಸವೆಯಲ್ಲ ಅಂತ ಹಿಗ್ಗಿದೆ. ಆಮೇಲೆ ಕೈ ತನ್ನಷ್ಟಕ್ಕೆ ತಾಳೆಗರಿ ಎತ್ತಿಕೊಂಡಿತು. ಮೂವತ್ತು ವರ್ಷದಲ್ಲಿ ಹೊಳಪು ಕೊಡದೆ ಒಂದು ಸಾಮಾನನ್ನೂ ನಾನು ಕೆಳಗೆ ಇಟ್ಟವಳಲ್ಲ. ಮೇಲೆ, ಕೆಳಗೆ, ನಾಲ್ಕೂ ಕಡೆ ತಿಕ್ಕಿದೆ. ಮಿರಮಿರ ಅಂದವು. ಉಳಿದ ಪುಡಿಯನ್ನು ತಗ್ಗಿಗೆ ಉದುರಿಸಿದೆ. ಬೆರಳು ಇಟ್ಟರೆ ನೀಲಿ ಹತ್ತಿತು, ಸರಿ ಇದೆ ಅಂದುಕೊಂಡೆ. ಹಳೆಯವುಗಳಿಂದ ಬಿಡಿಸಿಟ್ಟಿದ್ದ ಕಾಗದವನ್ನು ಮೈದಾ ಗೋಂದಿನಿಂದ ಸುತ್ತಲೂ ಅಂಟಿಸಿದೆ. ಆರು ಆದವು.

ಸ್ನೂಕರ್ ಶುರು ಮಾಡಿ ವರ್ಷ ತುಂಬಿದ ಭಾನುವಾರ ಅಳಿಯ ಪಂದ್ಯ ಇಟ್ಟಿದ್ದ. ಕನಕಪುರದವರು, ಮಾಗಡಿಯವರು ಬರುತ್ತಿದ್ದರು. ಬೆಳಿಗ್ಗೆ ಗುಡಿಸಿ ಆದ ಮೇಲೆ ಮೇಜಿನ ಅಂಚಿನ ಮೇಲೆ ನನ್ನ ಆರನ್ನೂ ಇಟ್ಟೆ. ಮಾರ್ಕರಪ್ಪನ ಒಳ್ಳೆಯ ಚಾಕ್‌ಗಳನ್ನು ಟೀಪುಡಿ ಡಬ್ಬದ ಹಿಂದೆ ಸರಿಸಿದೆ. ಅವನು ಆಚೆ ಮೇಜಿಗೆ ಇಸ್ತ್ರಿ ಹಾಕುತ್ತಿದ್ದ, ಇತ್ತ ತಿರುಗಲಿಲ್ಲ. ಸಂಜೆ ಆಟ ಮುಗಿದ ಮೇಲೆ ಹೇಳೋಣ, ನೋಡಿದ್ರಾ ಮಾರ್ಕರಪ್ಪ ಅನ್ನೋಣ ಅಂತ ನನ್ನ ಲೆಕ್ಕ.

ಮಧ್ಯಾಹ್ನ ಆಟ ಶುರುವಾಯಿತು. ಮೊದಲ ನಾಲ್ಕಾರು ಹೊಡೆತ ಚೆನ್ನಾಗೇ ಹೋದವು, ಉದುರಿಸಿದ್ದ ಪುಡಿ ಇತ್ತಲ್ಲ. ಅದು ಮುಗಿದ ಮೇಲೆ ಮಾಗಡಿಯವನು ಹೊಡೆದ ಚೆಂಡು ಎತ್ತಲೋ ಹೋಯಿತು.

"ಏನ್ಲಾ, ಬತ್ತಾ ಬತ್ತಾ ಕೈನ ಬಸ್ಸಲ್ಲೇ ಬುಟ್ಬಂದಾ?" ಅಂತ ಯಾರೋ ಅಂದರು. ಎಲ್ಲ ನಕ್ಕರು. ಅವನು ಇನ್ನಷ್ಟು ಚಾಕ್ ಉಜ್ಜಿದ. ಮತ್ತೂ ಜಾರಿತು.

ನಾನು ಟೀ ಲೋಟ ಜೋಡಿಸುತ್ತಿದ್ದೆ. ಇದು ನನ್ನ ನೀಲಿ ತುಂಡುಗಳದೇ ಕೆಲಸ ಅಂತ ಗೊತ್ತಾಯಿತು. ಆಗಲೇ ಹೇಳಬಹುದಿತ್ತು.

ಕನಕಪುರದವನು ಬಗ್ಗಿ ಜೋರಾಗಿ ಹೊಡೆದ. ಕೋಲು ಚೆಂಡಿನ ಮೇಲಿಂದ ಜಾರಿ ಕೆಳಗೆ ಬಟ್ಟೆಗೆ ನಾಟಿತು. ಚರ್ ಅಂದಿತು. ಹಸಿರು ಬಟ್ಟೆ ಗೇಣುದ್ದ ಹರಿದು ಅದರಡಿ ಮೇಜಿಗೆ ಹಾಸಿದ ಕಲ್ಲು ಕಂಡಿತು.

ಅವನು ಚಾಕ್ ಎತ್ತಿಕೊಂಡು ಉಗುರಿನಿಂದ ಕೆರೆದ. "ಇದು ಚಾಕೇ ಅಲ್ಲ ಕಣ್ರಿ. ಪ್ಲಾಸ್ಟಿಕ್ ಇದ್ದಂಗೈತೆ. ನೋಡಿಲ್ಲಿ, ಕಾಗ್ದ ಬ್ಯಾರೆ ತಿರ್ಗಾ ಅಂಟ್ಸವ್ರೆ."

ಅಳಿಯ ಕಿತ್ತುಕೊಂಡು ನೋಡಿದ. ಮುಖ ಕಪ್ಪಾಯಿತು. ಮಾರ್ಕರಪ್ಪನಿಗೆ ಯಾವತ್ತೂ ನೀವು ಅನ್ನುತ್ತಿದ್ದವನು ಅವತ್ತು ನೀನು ಅಂದ. "ಹೊಸ ಪೆಟ್ಟಿಗೆ ನಿನ್ ಕೈಲಿ ತಾನೇ ಕೊಟ್ಟಿದ್ದು? ಒಳ್ಳೇದ್ನ ಎಲ್ಲಿ ಮಾರ್ಕೊಂಡೆ?"

"ಸಾರ್, ನಾನು ಅಂಥವನಲ್ಲ."

"ಮತ್ತಿದು ಆಕಾಶದಿಂದ ಬಿತ್ತಾ? ಚಾಕ್ ಮುಟ್ಟೋನು ನೀನೊಬ್ನೇ ತಾನೇ? ಕಬ್ಬಾಳಮ್ಮನ ಮೇಲೆ ಆಣೆ ಮಾಡು ನೋಡಾನ."

ಮಾರ್ಕರಪ್ಪ ಎಲ್ಲರ ಮುಂದೆ ಕೈ ಎತ್ತಿದ. "ಕಬ್ಬಾಳಮ್ಮನಾಣೆ ಸಾರ್, ನಾನು ಮಾರಿಲ್ಲ. ಇದು ಎಲ್ಲಿಂದ ಬಂತೋ ನಂಗೊತ್ತಿಲ್ಲ."

"ಈ ಕಾಲದಲ್ಲಿ ಆಣೆಗೇನ್ ಕಮ್ಮಿ" ಅಂದ ಒಬ್ಬ. ನಕ್ಕರು.

ವರ್ಷಾ ವರ್ಷಾ ಕಬ್ಬಾಳಿಗೆ ಹೋಗಿ ಆ ತಾಯಿಗೆ ಕೈ ಮುಗಿದು ಬರುವವಳು ನಾನು. ಅವಳ ಹೆಸರು ಹಿಡಿದು ಒಬ್ಬ ನಿಜ ಹೇಳಿದ, ಅದನ್ನು ನಿಜ ಅಂತ ಗೊತ್ತಿದ್ದವಳು ನಾನೊಬ್ಬಳೇ. ಐದು ಹೆಜ್ಜೆ ದೂರದಲ್ಲಿ ಟೀ ಲೋಟ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಅಷ್ಟು ಗಂಡಸರ ಮುಂದೆ ಅಳಿಯ 'ಅತ್ತೆ, ನೀವಾ' ಅಂದುಬಿಟ್ಟರೆ ಅನ್ನುವುದೊಂದೇ ತಲೆಯಲ್ಲಿತ್ತು. ಮಾರ್ಕರಪ್ಪ ಕೈಯಲ್ಲಿದ್ದ ಬ್ರಷ್ಷನ್ನು ಮೊಳೆಗೆ ತಗುಲಿಸಿ ಮೆಟ್ಟಿಲು ಇಳಿದು ಹೋದ. ನಾನು ಎಲ್ಲರಿಗೂ ಟೀ ಕೊಟ್ಟೆ.

ಅಷ್ಟಕ್ಕೇ ನಿಲ್ಲಲಿಲ್ಲ ನನ್ನ ಹೇಡಿತನ. ಅಡಗಿಸಿಟ್ಟಿದ್ದ ಒಳ್ಳೆಯ ಚಾಕ್‌ಗಳನ್ನು ಸಂಜೆ ಮಡಿಲಿಗೆ ಕಟ್ಟಿಕೊಂಡು ಮನೆಗೆ ತಂದು ರಾಗಿ ಡಬ್ಬದೊಳಗೆ ಹೂತೆ. ರಾತ್ರಿ ಊಟಕ್ಕೆ ಕೂತಾಗ ಅಳಿಯ ಮಾರ್ಕರಪ್ಪನನ್ನು ಬೈದ. ಮಗಳು ಹೂಂಗುಟ್ಟಿದಳು. ನಾನೂ ಅಂದೆ, "ಯಾರ್ನೂ ನಂಬೋ ಕಾಲ ಅಲ್ಲ ಬುಡಪ್ಪ" ಅಂತ. ಅಂದೆ ಕಣ್ರಿ. ಈ ಬಾಯಿಂದಲೇ ಅಂದೆ.

ಒಂದೂವರೆ ತಿಂಗಳು ಹೀಗೇ ಕಳೆಯಿತು. ಬಟ್ಟೆ ಬದಲಾಯಿಸುವವರು ಸಿಗದೆ ಆ ಮೇಜು ಹಾಗೇ ಬಿದ್ದಿತ್ತು. ರಾಗಿ ತೆಗೆಯುವಾಗೆಲ್ಲ ಕೈಗೆ ಆ ಚಾಕ್‌ಗಳು ಸಿಗುತ್ತಿದ್ದವು. ಕೊನೆಗೆ ಒಂದು ಬೆಳಿಗ್ಗೆ ಅವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಕಣ್ಣಾಸ್ಪತ್ರೆಗೆ ಅಂತ ಮಗಳಿಗೆ ಸುಳ್ಳು ಹೇಳಿ ರಾಮನಗರದ ಬಸ್ಸು ಹತ್ತಿದೆ.

ರೇಷ್ಮೆ ಬಿಚ್ಚುವ ಬೀದಿಯಲ್ಲಿ ಅವನ ಮನೆ. ಬೇಯಿಸಿದ ಗೂಡಿನ ನಾತ ಬಾಗಿಲವರೆಗೂ ಬರುತ್ತಿತ್ತು. ಹೆಂಡತಿ ಚಾಪೆ ಹಾಕಿದಳು. ಅವನು ಗಡ್ಡ ಬಿಟ್ಟಿದ್ದ. ನನ್ನ ಕಂಡು ಸಂತೋಷವೇ ಪಟ್ಟ.

"ಬನ್ನಿ ಅಕ್ಕಾ. ನೀವಾದ್ರೂ ಬಂದ್ರಲ್ಲ."

ಬೇರೆ ಕಡೆ ಕೆಲಸಕ್ಕೆ ಹೋಗುತ್ತಿದ್ದೀರಾ ಅಂತ ಕೇಳಿದೆ.

"ಕರೆದಿದ್ರು. ನಾನೇ ಒಲ್ಲೆ ಅಂದೆ. ನನ್ ಕೈ ಮೇಲೆ ನಂಗೇ ನಂಬ್ಕೆ ಹೋಗ್ಬುಡ್ತು ಅಕ್ಕಾ. ನಲ್ವತ್ ವರ್ಷ ಚಾಕ್ ಮುಟ್ಟಿದೋನು. ಮೇಜಿನ ಮೇಲಿದ್ದದ್ದು ನಕಲಿ ಅಂತ ಕಣ್ಣಿಗೆ ಬೀಳ್ಲಿಲ್ಲ ಅಂದ್ರೆ ಏನರ್ಥ? ಚಾಕ್ ಮಾರೋ ಅಂಗಡಿಯೋನು ಟೋಪಿ ಹಾಕವ್ನೆ, ನಾನು ನೋಡ್ದೆ ಮೇಜಿನ ಮೇಲೆ ಇಟ್ಟಿವ್ನಿ. ನಿಮ್ಮ ಅಳಿಯ ಬೈದಿದ್ರಲ್ಲಿ ತಪ್ಪಿಲ್ಲ."

ಅವನು ನನ್ನ ಮೇಲೆ ಅನುಮಾನ ಪಟ್ಟಿರುತ್ತಾನೆ, ಬೈಯುತ್ತಾನೆ ಅಂತ ಸಿದ್ಧವಾಗಿ ಹೋಗಿದ್ದೆ. ಇದಕ್ಕೆ ಸಿದ್ಧ ಇರಲಿಲ್ಲ. ಕರವಸ್ತ್ರ ಬಿಚ್ಚಿ ಚಾಕ್‌ಗಳನ್ನು ಅವನ ಮುಂದೆ ಇಟ್ಟೆ. ಕುಟ್ಟಿದ್ದು, ಅರಗು ಹಾಕಿದ್ದು, ತಾಳೆಗರಿ ತಿಕ್ಕಿದ್ದು, ಕಾಗದ ಅಂಟಿಸಿದ್ದು, ಅವನದನ್ನು ಅಡಗಿಸಿದ್ದು ಎಲ್ಲ ಹೇಳಿದೆ. ನಿಲ್ಲಿಸದೆ ಹೇಳಿದೆ.

ಹೆಂಡತಿಯೇ ಮೊದಲು ಬಾಯಿ ಬಿಟ್ಟಳು. "ಇವರು ಆಣೆ ಮಾಡೋವಾಗ ನೀವು ಅಲ್ಲೇ ಇದ್ರಾ?"

"ಇದ್ದೆ."

"ನಿಂತ್ಕೊಂಡು ನೋಡ್ತಿದ್ರಾ?"

"ಹೂಂ."

"ಥೂ" ಅಂದು ಎದ್ದು ಒಳಗೆ ಹೋದಳು.

ಅವನು ಒಂದು ಚಾಕ್ ಎತ್ತಿ ತಿರುಗಿಸಿ ನೋಡುತ್ತ ಕೂತಿದ್ದ. ಅದನ್ನು ಕೆಳಗಿಟ್ಟು ಕೇಳಿದ, "ಅಳಿಯನಿಗೆ ಹೇಳಿದ್ರಾ?"

"ಇನ್ನೂ ಇಲ್ಲ. ಮೊದಲು ನಿಮ್ಗೆ..."

"ನಂಗ್ಯಾಕೆ? ನಾನು ಕದ್ದಿಲ್ಲ ಅನ್ನೋದು ನಂಗೆ ಮೊದ್ಲೇ ಗೊತ್ತಿತ್ತಲ್ಲ. ಗೊತ್ತಿಲ್ದೋರ್ಗೆ ಹೇಳೋಗಿ."

ಬಸ್ಸಿನಲ್ಲಿ ಕೂತ ಮೇಲೆ ಅರ್ಥವಾಯಿತು. ಬೈದರೂ ಕೊನೆಗೆ ಕ್ಷಮಿಸುವ ಮನುಷ್ಯ ಅಂತ ಗೊತ್ತಿದ್ದ ಕಡೆಗೆ ಮೊದಲು ಓಡಿದ್ದೆ ನಾನು. ಅದೂ ಒಂದು ಕಳ್ಳತನವೇ.

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಅಳಿಯನಿಗೆ ಹೇಳಿದೆ. ಅವನು ಅನ್ನ ಕಲಸುವುದನ್ನು ನಿಲ್ಲಿಸಿದ. ಮಗಳು ತಲೆ ಚಚ್ಚಿಕೊಂಡಳು. "ಅವ್ವಾ, ನಿಂಗೇನು ಬುದ್ಧಿಗಿದ್ಧಿ ಕೆಟ್ಟಿತ್ತಾ?"

ಅಳಿಯ ಮೆಲ್ಲಗೆ ಅಂದ, "ಆಗೋಯ್ತು ಬುಡಿ ಅತ್ತೆ. ಫೋನ್ ಮಾಡಿ ಬಾ ಅಂತೀನಿ. ನೀವಿದ್ನ ಯಾರ್ಗೂ ಹೇಳಕ್ಕೋಗ್ಬೇಡಿ. ಅಂಗಡಿ ಮರ್ಯಾದೆ ಹೋಯ್ತದೆ."

ಫೋನ್ ಮಾಡಿದ. ಮಾರ್ಕರಪ್ಪ ಕೆಲಸಕ್ಕೆ ಬರಲ್ಲ ಅಂದ. ಹರಿದ ಬಟ್ಟೆ ಬದಲಾಯಿಸಲು ಒಂದು ದಿನ ಬಂದು ಹೋಗುತ್ತೇನೆ, ಆದರೆ ಅವತ್ತು ಆಡಿದವರೆಲ್ಲ ಅಲ್ಲಿರಬೇಕು, ನಿಮ್ಮತ್ತೆ ಅವರ ಮುಂದೆ ಹೇಳಬೇಕು ಅಂದ. ಅಳಿಯ ಫೋನ್ ಮುಚ್ಚಿಕೊಂಡು ನನ್ನ ಮುಖ ನೋಡಿದ. "ಹೇಳ್ತೀನಿ ಅನ್ನು" ಅಂದೆ.

ಮುಂದಿನ ಭಾನುವಾರ ಎಲ್ಲ ಬಂದರು. ಮಾರ್ಕರಪ್ಪ ಗಡ್ಡ ತೆಗೆದು ಬಂದಿದ್ದ. ಹಳೇ ಬಟ್ಟೆ ಕಿತ್ತು, ಹೊಸದನ್ನು ಮೇಜಿನ ಮೇಲೆ ಹರಡಿದ. ನಾಲ್ಕು ಜನರನ್ನು ಕರೆದು ನಾಲ್ಕು ಕಡೆ ಎಳೆದು ಹಿಡಿಯಲು ಹೇಳಿ, ತಾನು ಬಗ್ಗಿ ಅಂಚಿಗೆ ಪಿನ್ನು ಹೊಡೆಯುತ್ತ ಹೋದ. ನಾನು ಅಲ್ಲೇ ನಿಂತು ಹೇಳಿದೆ. ಮಾರ್ಕರ್ ಕಳ್ಳ ಅಲ್ಲ, ಮಾಡಿದ್ದು ನಾನು, ಬಾಯಿ ಮುಚ್ಚಿಕೊಂಡಿದ್ದೂ ನಾನು ಅಂದೆ. ಹೇಗೆ ಮಾಡಿದೆ ಅನ್ನುವುದನ್ನೂ ಹೇಳಿದೆ. ತಾಳೆಗರಿಯಲ್ಲಿ ತಿಕ್ಕಿದೆ ಅಂದೆನೋ ಇಲ್ಲವೋ, ಕನಕಪುರದವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಜ್ಜಿ, ಅದ್ಕೆ ನಾಕು ಚಕ್ರ ಹಾಕ್ಬುಟ್ಟಿದ್ರೆ ನನ್ ಮಗಳಾದ್ರೂ ಆಡ್ಕೋತಿದ್ಲು!"

ಎಲ್ಲ ನಕ್ಕರು. ಅಳಿಯ ಎಲ್ಲರಿಗಿಂತ ಜೋರಾಗಿ ನಕ್ಕ, ಭಾರ ಇಳಿದಿತ್ತಲ್ಲ ಅವನಿಗೆ. "ಮಾರ್ಕರೇ, ಮುಗೀತು ಬುಡಿ, ನೀವೂ ಒಸಿ ನಗಿ" ಅಂದ ಮಾಗಡಿಯವನು. ನನಗೂ ಬಾಯಿ ನಗುವ ಕಡೆಗೆ ಹೋಯಿತು. ಇಷ್ಟು ಜನ ನಕ್ಕರೆ ಅದು ದೊಡ್ಡ ತಪ್ಪೇನಲ್ಲವೇನೋ ಅಂತ ಒಂದು ಗಳಿಗೆ ಅನ್ನಿಸಿಬಿಟ್ಟಿತು.

ಮಾರ್ಕರಪ್ಪ ನಗಲಿಲ್ಲ. ತಲೆ ಎತ್ತದೆ ಪಿನ್ನು ಹೊಡೆಯುತ್ತಿದ್ದ.

ನಗುವ ಭರದಲ್ಲಿ ಕನಕಪುರದವನು ತಾನು ಹಿಡಿದಿದ್ದ ಮೂಲೆ ಬಿಟ್ಟ. ಬಟ್ಟೆ ಸಡಿಲಾಗಿ ಜಾರಿತು. ಹತ್ತಿರ ಇದ್ದವಳು ನಾನು, ಹಿಡಿದುಕೊಂಡೆ, ಬಿಗಿಯಾಗಿ ಎಳೆದೆ. ಮಾರ್ಕರಪ್ಪ ಯಾರು ಹಿಡಿದಿದ್ದಾರೆ ಅಂತ ತಿರುಗಿ ನೋಡಿದ. ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ಮೇಜು ಸುತ್ತಿಕೊಂಡು ನನ್ನ ಕಡೆಗೆ ಬಂದು ಆ ಅಂಚಿಗೆ ತನ್ನ ಕೈ ಹಾಕಿದ.

"ಬುಡಿ" ಅಂದ. ಅಕ್ಕಾ ಅನ್ನಲಿಲ್ಲ. "ನಾನು ಹಿಡ್ಕೊತೀನಿ."

ಬಿಟ್ಟೆ.