ಅಕಳಂಕನ ಅಸಾಯಿ ಪಾಕ

ಬಟ್ಟೆಯ ಕಲೆ ತೆಗೆಯುವುದು ನನ್ನ ಕಸುಬು. ನಮ್ಮ ಲಾಂಡ್ರಿಯಲ್ಲಿ ಒಗೆಯುವವರು ಬೇರೆ, ಇಸ್ತ್ರಿ ಹಾಕುವವರು ಬೇರೆ. ಒಗೆದರೂ ಹೋಗದೆ ಪಟ್ಟುಹಿಡಿದು ಕುಳಿತ ಕಲೆಗಳು ಮಾತ್ರ ಹಿಂದಿನ ಕೋಣೆಯ ನನ್ನ ಮೇಜಿಗೆ ಬರುತ್ತವೆ. ಶಾಯಿ, ತುಕ್ಕು, ಮೇಣ, ಚಹಾ, ಹಣ್ಣಿನ ರಸ, ಯಾರದೋ ತುಟಿಯ ಬಣ್ಣ, ಇವುಗಳ ಜಾತಿಯನ್ನು ತಿಳಿದು, ಸ್ವಭಾವವನ್ನು ಅರಿತು, ನಯದಿಂದಲೋ ಭಯದಿಂದಲೋ ಬಟ್ಟೆಯನ್ನು ಬಿಟ್ಟುಹೋಗುವಂತೆ ಒಡಂಬಡಿಸುವುದರಲ್ಲಿಯೇ ನನ್ನ ಆಯುಷ್ಯದ ಬಹುಭಾಗ ಸವೆದಿದೆ. ಬೀದಿಯವರು ನನಗೆ ‘ಅಕಳಂಕ’ನೆಂದು ಹೆಸರಿಟ್ಟರು. ಅದನ್ನು ಬಿರುದೆಂದು ಬಗೆದು ಬಹುಕಾಲ ಹಿಗ್ಗಿದೆ. ಎದುರಿನ ಬೇಕರಿಯವನು ಹಾಗೆ ಕರೆಯುವಾಗಲೆಲ್ಲ ಕಣ್ಣು ಮಿಟುಕಿಸುತ್ತಾನೆಂಬುದು ಆಮೇಲೆ ಗಮನಕ್ಕೆ ಬಂದಿತು. ಆದರೂ ಬಂದ ಬಿರುದನ್ನು ಹಿಂದಿರುಗಿಸುವಷ್ಟು ವೈರಾಗ್ಯ ನನ್ನಲ್ಲಿರಲಿಲ್ಲ.

ಅಂಗಡಿಯ ಮುಂದಿನ ಕೌಂಟರು ನನ್ನ ಹೆಂಡತಿಯ ಸಂಸ್ಥಾನ. ಬಟ್ಟೆಯನ್ನು ಪಡೆದು, ಕಲೆಯಿರುವಲ್ಲಿ ಪಿನ್ನು ಚುಚ್ಚಿ, ಆ ಕಲೆ ಆದ ಬಗೆಯನ್ನು ಗಿರಾಕಿಯ ಬಾಯಿಂದಲೇ ಹೊರಡಿಸಿ ಒಳಕ್ಕೆ ಕಳುಹಿಸುವವಳು ಅವಳು. ಬಂದವರಲ್ಲಿ ಅರ್ಧ ಜನ ಬಟ್ಟೆ ಕೊಡಲು ಬರುತ್ತಿದ್ದರು, ಉಳಿದರ್ಧ ಜನ ಅವಳಿಂದ ಬೈಸಿಕೊಳ್ಳಲು. ಮನೆಯ ಅಡುಗೆಯೂ ಅವಳದೇ. ಪಾಕಶಾಲೆಗೆ ನನ್ನ ಕಾಣಿಕೆಯೆಂದರೆ ಉಣ್ಣುವುದು ಮತ್ತು ಹೊಗಳುವುದು. ಎರಡನೆಯದರಲ್ಲಿ ನಾನು ಅಷ್ಟೇನೂ ವಿವೇಚನೆಯುಳ್ಳವನಲ್ಲ.

“ಹೇಗಿದೆ?” ಎಂದು ಕೇಳುವಳು.

“ಚೆನ್ನಾಗಿದೆ.”

“ನಿನ್ನೆಯದೂ ಚೆನ್ನಾಗಿತ್ತು ಅಂದ್ರಿ. ನಿನ್ನೆ ತಳ ಹಿಡಿದಿತ್ತು ರೀ!”

“ತಳ ಹಿಡಿದದ್ದೂ ಚೆನ್ನಾಗಿತ್ತು.”

“ನಿಮ್ಮನ್ನು ಕೇಳೋದೂ ಒಂದೇ, ಗೋಡೇನ ಕೇಳೋದೂ ಒಂದೇ.”

ಇಂತು ಸುಖವಾಗಿ ಸಾಗುತ್ತಿದ್ದ ಸಂಸಾರಕ್ಕೆ ಒಂದು ಜ್ವರ ಬಂದಿತು. ಅವಳು ಹಾಸಿಗೆ ಹಿಡಿದಳು. ಜ್ವರವೇನೋ ಇಳಿಯಿತು, ಇಳಿಯುವಾಗ ಅವಳ ಮೂಗು ನಾಲಿಗೆಗಳ ಅರಿವನ್ನು ಕೊಂಡೊಯ್ದಿತು. ವೈದ್ಯರು ನಾಲಿಗೆಯ ಮೇಲೆ ಉಪ್ಪಿನ ನೀರು ಬಿಟ್ಟರು, ಸಕ್ಕರೆಯ ನೀರು ಬಿಟ್ಟರು. ಎರಡಕ್ಕೂ ಅವಳು ತಲೆಯಾಡಿಸಿ “ನೀರು” ಎಂದಳು.

“ಬರಬಹುದು, ತಡವಾಗಬಹುದು” ಎಂದರು ವೈದ್ಯರು. ನನ್ನನ್ನು ಬಾಗಿಲ ಹೊರಗೆ ಕರೆದು, “ಬಾರದೇ ಇರೋದೂ ಉಂಟು. ಆದರೆ ಊಟ ಬಿಡೋ ಹಾಗಿಲ್ಲ. ಈಗಲೇ ಅರ್ಧ ಆಗಿದಾರೆ” ಎಂದರು.

ಆದರೆ ರುಚಿಯಿಲ್ಲದವಳು ಉಣ್ಣುವುದೆಂತು? ಅನ್ನವಿಟ್ಟರೆ ಎರಡು ತುತ್ತು, ಬ್ರೆಡ್ಡಿಟ್ಟರೆ ಅಂಚು. ಏನಾಯಿತೆಂದು ಕೇಳಿದರೆ ಒಂದೇ ಉತ್ತರ: “ಮಣ್ಣು ತಿಂದ ಹಾಗಿದೆ.” ಅಷ್ಟು ಹೇಳಿ ತಟ್ಟೆಯನ್ನು ಸರಿಸಿ ಗೋಡೆಯತ್ತ ಹೊರಳುವಳು. ನನ್ನನ್ನು ಬೈಯುವುದನ್ನೂ ಬಿಟ್ಟಿದ್ದಳು. ನನಗೆ ಭಯ ಹುಟ್ಟಿಸಿದ್ದು ಅದೇ. ಬೆಳಗಿನ ಪ್ರಾರ್ಥನೆಯಲ್ಲಿ “ಸ್ವಾಮೀ, ಇವಳ ನಾಲಿಗೆಯನ್ನು ಹಿಂದಿರುಗಿಸು” ಎಂದು ಬೇಡುತ್ತಿದ್ದೆ. ಇವಳ ನಾಲಿಗೆಗೆ ಸ್ವಲ್ಪ ವಿಶ್ರಾಂತಿ ಕೊಡೆಂದು ಹಿಂದೆ ಇದೇ ಸನ್ನಿಧಿಯಲ್ಲಿ ಹಲವು ಸಲ ಬೇಡಿದ್ದುದು ನೆನಪಾಗಿ, ಈ ಸಲದ ಬೇಡಿಕೆಯನ್ನು ಮತ್ತೊಮ್ಮೆ ಬಿಡಿಸಿ ಹೇಳುತ್ತಿದ್ದೆ. ಭಗವಂತನು ಭಕ್ತರ ಮೊರೆಯನ್ನು ತಡವಾಗಿ ಆಲಿಸುತ್ತಾನೆಂದು ಹಿರಿಯರು ಹೇಳಿದ್ದುಂಟು. ಇಷ್ಟು ಹಳೆಯ ಅರ್ಜಿಯನ್ನು ಈಗ ಕೈಗೆತ್ತಿಕೊಳ್ಳುವನೆಂದು ಯಾರು ಬಲ್ಲರು?

ಆಗ ಬಂದವಳು ನನ್ನ ನಾದಿನಿ. ಅವಳು ಒಂದು ದೊಡ್ಡ ಅಂಗಡಿಯಲ್ಲಿ ಶೀತಲ ಪೆಟ್ಟಿಗೆಗಳ ವಿಭಾಗದವಳು. ಹೊತ್ತು ತಂದ ಚೀಲದಿಂದ ಕಲ್ಲಿನಂತೆ ಹೆಪ್ಪುಗಟ್ಟಿದ ಪೊಟ್ಟಣಗಳನ್ನು ತೆಗೆದು ನಮ್ಮ ಫ್ರಿಜ್ಜಿನಲ್ಲಿ ಇಟ್ಟಿಗೆಯಂತೆ ಜೋಡಿಸಿದಳು.

“ಭಾವ, ಇದು ಅಸಾಯಿ. ಎಲ್ಲೋ ದೂರದ ಕಾಡಲ್ಲಿ ತಾಳೆ ಥರದ ಮರದಲ್ಲಿ ಬಿಡೋ ಹಣ್ಣಂತೆ. ನಮ್ಮಲ್ಲಿ ಯಾರೂ ಕೊಳ್ಳಲಿಲ್ಲ, ಅದಕ್ಕೇ ಅಗ್ಗಕ್ಕೆ ಕೊಟ್ಟರು. ಅಕ್ಕನಿಗೆ ಮಾಡಿಕೊಡಿ.”

“ಯಾರು, ನಾನಾ?”

“ಮತ್ತೆ ನಾನಾ? ನನಗೆ ಡ್ಯೂಟಿ ಇದೆ. ಕಲೆ ತೆಗೆಯೋವಷ್ಟು ಕಷ್ಟ ಏನಲ್ಲ ಬಿಡಿ ಅಡುಗೆ.”

ಅವಳು ಸಹಜವಾಗಿ ಆಡಿದ ಈ ಮಾತನ್ನು ನಾನು ಶಾಸ್ತ್ರವಾಕ್ಯವೆಂದು ಸ್ವೀಕರಿಸಿದೆ. ಕಲೆಯ ವಿದ್ಯೆಗೆ ಕೆಲವು ಸೂತ್ರಗಳಿವೆ: ಮೊದಲು ತಣ್ಣೀರು, ಬಿಸಿ ಬೇಡ, ಅಂಚಿನಿಂದ ನಡುವಿಗೆ ಸಾಗು, ನಡುವಿನಿಂದ ಅಂಚಿಗಲ್ಲ, ಉಜ್ಜಬೇಡ, ಒತ್ತು. ಇವುಗಳನ್ನೇ ಪಾಕಕ್ಕೂ ಅನ್ವಯಿಸಿದೆ. ಓಟ್ಸನ್ನು ತಣ್ಣೀರಿನಲ್ಲಿ ನೆನೆಸಿ, ಕರಗಿದ ಅಸಾಯಿಯನ್ನು ಅಂಚಿನಿಂದ ನಡುವಿಗೆ ಸುರಿದು, ಕಲಕದೆ, ಚಮಚದ ಬೆನ್ನಿನಿಂದ ಒತ್ತಿದೆ. ಬಟ್ಟಲಿನಲ್ಲಿ ಸಿದ್ಧವಾದುದು ಏನೆಂಬುದು, ಮಳೆಗಾಲದಲ್ಲಿ ಲಾರಿ ಹಾದುಹೋದ ಕಚ್ಚಾ ರಸ್ತೆಯನ್ನು ನೇರಳೆ ಬಣ್ಣದಲ್ಲಿ ಕಲ್ಪಿಸಿಕೊಂಡರೆ ತಿಳಿಯುತ್ತದೆ.

ಅವಳು ಒಂದು ಚಮಚ ಬಾಯಿಗಿಟ್ಟಳು.

“ಮಣ್ಣು ತಿಂದ ಹಾಗಿದೆ” ಎಂದಳು.

ಕುಗ್ಗಿದ ಮನಸ್ಸಿನಿಂದ ಬಟ್ಟಲನ್ನು ಅಡುಗೆಮನೆಗೆ ತಂದೆ. ಚೆಲ್ಲುವ ಮುನ್ನ ನಾನೂ ಒಂದು ಚಮಚ ನೆಕ್ಕಿ ನೋಡಿದೆ. ಆಶ್ಚರ್ಯವೆಂದರೆ, ಅದು ನಿಜವಾಗಿಯೂ ಮಣ್ಣಿನಂತೆಯೇ ಇತ್ತು! ಗೋಡೆಗೆ ಸಮನಾದ ನನ್ನ ನಾಲಿಗೆಗೂ ತಿಳಿಯುವಷ್ಟು ಸ್ಪಷ್ಟವಾಗಿ, ಮೊದಲ ಮಳೆಗೆ ನೆನೆದ ನೆಲದ ರುಚಿ, ಅದರ ಹಿಂದೆ ಎಲ್ಲೋ ಒಂದೆಳೆ ಕಹಿ. ಸಿಹಿಯೆಂಬುದು ಆ ಹಣ್ಣಿನ ವಂಶದಲ್ಲಿಯೇ ಇದ್ದಂತಿರಲಿಲ್ಲ.

ನಾನು ಸ್ಟವ್ವಿನ ಮುಂದೆ ಸ್ತಂಭೀಭೂತನಾಗಿ ನಿಂತೆ. ಹಾಗಾದರೆ ಅವಳು ಹೇಳಿದ್ದು ನಾಲಿಗೆ ಸತ್ತವಳ ಮಾತೋ, ನಾಲಿಗೆ ಬಂದವಳ ಮಾತೋ? ಎಲ್ಲವನ್ನೂ ಮಣ್ಣೆನ್ನುವ ರೋಗಿಗೆ ಮಣ್ಣಿನ ರುಚಿಯ ಹಣ್ಣನ್ನೇ ಹುಡುಕಿ ತಿನ್ನಿಸಿದ ವೈದ್ಯನು ಈ ಧರೆಯ ಮೇಲೆ ನಾನೊಬ್ಬನೇ ಇರಬೇಕು. ಓಡಿಹೋಗಿ ಕೇಳಿದೆ:

“ಇವಳೇ, ನಿನ್ನೆ ಬ್ರೆಡ್ಡು ಮಣ್ಣು ಅಂದೆಯಲ್ಲ. ಆ ಮಣ್ಣು, ಈ ಮಣ್ಣು ಒಂದೇನಾ, ಬೇರೆಬೇರೆನಾ?”

ಅವಳು ನನ್ನನ್ನು ದಿಟ್ಟಿಸಿದಳು. “ನಿಮಗೂ ಜ್ವರ ಬಂತಾ?” ಎಂದು ಗೋಡೆಯತ್ತ ಹೊರಳಿದಳು.

ಬೇರೆಯದನ್ನು ಉಣಿಸಿ ಪರೀಕ್ಷಿಸಬಹುದಿತ್ತಲ್ಲವೆ ಎಂದು ಓದುಗರು ಕೇಳಬಹುದು. ಧೈರ್ಯವಿರಲಿಲ್ಲ. ಸಕ್ಕರೆಯನ್ನಿಟ್ಟು ಅವಳು ಮತ್ತೆ “ನೀರು” ಎಂದುಬಿಟ್ಟರೆ ಉಳಿದಿದ್ದ ಸಂಶಯವೂ ಹೋಗುತ್ತಿತ್ತು. ಅಸಾಯಿಯಿರುವವರೆಗೆ ಸಂಶಯವಿತ್ತು, ಆ ಸಂಶಯವೇ ನನ್ನ ಆಶೆಯಾಗಿತ್ತು. ಆದುದರಿಂದ ಪೊಟ್ಟಣದ ಮೇಲೆ ಪೊಟ್ಟಣವನ್ನು ಒಡೆದೆ. ಅಸಾಯಿಯ ಅನ್ನ ಮಾಡಿದೆ. ಅದು ಜಜ್ಜಿದ ಮೂಗೇಟಿನ ಬಣ್ಣಕ್ಕೆ ತಿರುಗಿತು. ಅಸಾಯಿಯ ಸೂಪು ಮಾಡಿದೆ. ಕುದಿದಾಗ ಅದರ ಮೇಲೆ ಎಣ್ಣೆಯ ಪೊರೆ ತೇಲಿತು, ಆಗ ಸೂಪಿಗಿಂತ ಸೋಪು ನೆನಪಾಯಿತು. ಬ್ರೆಡ್ಡು ಉಬ್ಬಲೆಂದು ಹಿಟ್ಟಿಗೆ ಅಡುಗೆಸೋಡ ಹಾಕಿದೆ. ಹಣ್ಣಿನ ಕಲೆಗೆ ಕ್ಷಾರ ತಗುಲಿದರೆ ಬಣ್ಣ ಕೆಡುತ್ತದೆಂಬುದು ನಮ್ಮ ಕಸುಬಿನ ಮೊದಲ ಪಾಠ. ಹೊಸಬರಿಗೆ ನಾನೇ ಅದನ್ನು ಬೋಧಿಸುತ್ತೇನೆ. ಒಲೆಯಿಂದ ಹೊರಬಂದ ಬ್ರೆಡ್ಡು ಪಾಚಿಗಟ್ಟಿದ ಕಲ್ಲಿನ ಬಣ್ಣದ್ದಾಗಿ ನನ್ನ ಪಾಂಡಿತ್ಯವನ್ನು ಅಣಕಿಸಿತು.

ಎಲ್ಲಕ್ಕೂ ತೀರ್ಪು ಅದೇ: “ಮಣ್ಣು.” ರುಚಿ ನೋಡಿದರೆ ಅವಳ ಮಾತು ನಿಜವೇ.

ಅತ್ತ ಅಂಗಡಿಯಲ್ಲಿ ಅಕಳಂಕನ ಬಿರುದಿಗೆ ಕುತ್ತು ಬಂದಿತ್ತು. ಉಗುರುಗಳು ನೇರಳೆ, ತೋಳಿನ ಮಡಿಕೆ ನೇರಳೆ, ಎಡಗಿವಿಯ ಹಿಂದೆ, ಹೇಗೆ ತಲುಪಿತೋ ಕಾಣೆ, ಅಲ್ಲಿಯೂ ನೇರಳೆ. ಬೇಕರಿಯವನು ತನ್ನ ಮೇಲಂಗಿಯನ್ನು ಚಾಚಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅದನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡನು.

“ಅಕಳಂಕರೇ, ಇದು ಸ್ವಲ್ಪವೇ ಕೊಳೆ ಆಗಿದೆ. ಇನ್ನಷ್ಟು ಮಾಡೋದು ಬೇಡ.” ಆಮೇಲೆ ಬರಿದಾದ ಕೌಂಟರಿನ ಕಡೆ ತಿರುಗಿ ದನಿ ತಗ್ಗಿಸಿದನು. “ಅಮ್ಮಾವ್ರು ಹೇಗಿದಾರೆ? ಬೈಯೋರಿಲ್ಲದೆ ಬೀದಿ ಬಿಕೋ ಅಂತಿದೆ.”

“ಉಣ್ಣುತ್ತಿಲ್ಲ” ಎಂದೆ. ಅವನು ಕಣ್ಣು ಮಿಟುಕಿಸಲಿಲ್ಲ.

ಕೊನೆಗೆ ಫ್ರಿಜ್ಜಿನಲ್ಲಿ ಒಂದೇ ಪೊಟ್ಟಣ ಉಳಿಯಿತು. ಅಂದು ಭಾನುವಾರ, ಮಧ್ಯಾಹ್ನ. ಇದಾದ ಮೇಲೆ ಸಂಶಯಕ್ಕೆ ಆಸರೆಯಿಲ್ಲವೆಂದು ತಿಳಿದು, ಈ ಸಲ ನೋಟಕ್ಕಾದರೂ ಅಂದವಿರಲೆಂದು ಅತಿಥಿಗಳು ಬಂದಾಗ ಮಾತ್ರ ಅವಳು ಹೊರತೆಗೆಯುವ ಬಿಳಿಯ ಮೇಜುವಸ್ತ್ರವನ್ನು ಅಡುಗೆಮನೆಯ ಮೇಜಿನ ಮೇಲೆ ಹಾಸಿದೆ. ಎರಡು ಬಿಳಿಯ ಬಟ್ಟಲುಗಳನ್ನಿಟ್ಟೆ. ಅಸಾಯಿ, ಬಾಳೆಹಣ್ಣು, ಹಾಲುಗಳನ್ನು ಮಿಕ್ಸಿಯಲ್ಲಿ ತಿರುಗಿಸಿ, ಬಟ್ಟಲುಗಳಿಗೆ ಸುರಿದೆ. ಆ ಕ್ಷಣದ ಚೆಲುವನ್ನು ಕಂಡು ಮನಸ್ಸು ಒಂದಿಷ್ಟು ಉಬ್ಬಿತು. ಉಬ್ಬಿದ ಮನಸ್ಸಿನವನ ಕೈ ಸಡಿಲ; ಮಿಕ್ಸಿಯ ಜಾರು ಕೈಜಾರಿತು. ಉಳಿದುದೆಲ್ಲ ಮೇಜುವಸ್ತ್ರದ ಮೇಲೆ ಪ್ರವಾಹವಾಗಿ ಹರಿಯಿತು.

ಹಸಿಯಾದ ಹಣ್ಣಿನ ಕಲೆಯನ್ನು ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ಉಪ್ಪು ಸುರಿದು ರಸವನ್ನು ಹೀರಿಸಬೇಕೆಂಬುದು ಅದಕ್ಕೆ ಉಸಿರಾಟದಷ್ಟು ಅಭ್ಯಾಸ. ಕಪಾಟಿನ ಉಪ್ಪಿನ ಡಬ್ಬಿಯನ್ನು ಸೆಳೆದು ಹಿಡಿಹಿಡಿಯಾಗಿ ಎರಚಿದೆ. ಬಿತ್ತನೆಯ ಹೊಲದಲ್ಲಿ ಬೀಜ ಚೆಲ್ಲುವವನಂತೆ ಉದಾರವಾಗಿ, ಎಡಬಲ ನೋಡದೆ ಎರಚಿದೆ. ಬಟ್ಟಲುಗಳನ್ನು ಪಕ್ಕಕ್ಕಿಟ್ಟು, ಬಟ್ಟೆಯನ್ನು ಸೆಳೆದು ತಣ್ಣೀರಿಗೆ ಹಾಕಿ, ಒದ್ದೆಯ ಕೈಯಲ್ಲಿಯೇ ಅವುಗಳನ್ನೆತ್ತಿಕೊಂಡು ಅವಳ ಬಳಿಗೆ ಓಡಿದೆ. ಅವಳಿಗೆ ಹುರುಪು ಬರಲೆಂದು ಅವಳೆದುರೇ ಕುಳಿತು ನನ್ನ ಬಟ್ಟಲನ್ನು ಚಪ್ಪರಿಸಿ ಮುಗಿಸಿದೆ.

“ಚೆನ್ನಾಗಿದೆ, ನೋಡು” ಎಂದೆ.

ಅವಳು ಒಲ್ಲದ ಮನಸ್ಸಿನಿಂದ ಒಂದು ಚಮಚ ಬಾಯಿಗಿಟ್ಟಳು. ಹುಬ್ಬು ಗಂಟಿಕ್ಕಿತು. ತುಟಿ ಸೊಟ್ಟಗಾಯಿತು. ಕಣ್ಣು ಅಗಲವಾಯಿತು.

“ಥೂ! ಉಪ್ಪು!”

ನಾನು ಮುಂದಕ್ಕೆ ಬಾಗಿದೆ.

“ಉಪ್ಪು ರೀ! ಸಮುದ್ರ ತಂದು ಬಟ್ಟಲಿಗೆ ಸುರಿದಿದ್ದೀರಾ ಹೇಗೆ? ಹಣ್ಣಿಗೆ ಯಾರಾದರೂ ಉಪ್ಪು...” ಅಲ್ಲಿಗೆ ಅವಳ ಮಾತು ನಿಂತಿತು. ಕೈ ತುಟಿಯ ಮೇಲೆ ಹೋಯಿತು. ನಾಲಿಗೆಯನ್ನು ಮೆಲ್ಲನೆ ಒಳಗೇ ಹೊರಳಿಸಿದಳು. “ಉಪ್ಪು” ಎಂದಳು ಮತ್ತೊಮ್ಮೆ, ಈ ಸಲ ಪಿಸುಮಾತಿನಲ್ಲಿ, ಕಳೆದುಹೋದ ಮಗುವಿನ ಹೆಸರು ಕರೆಯುವವಳಂತೆ. ಇನ್ನೊಂದು ಚಮಚ ತೆಗೆದುಕೊಂಡಳು. “ಉಪ್ಪಿನ ಹಿಂದೆ ಬಾಳೆಹಣ್ಣು ಇದೆ. ತುಂಬಾ ಹಿಂದೆ. ಆದರೆ ಇದೆ.”

ನನ್ನ ಕಣ್ಣಿನಿಂದ ಇಳಿದುದನ್ನು ಒರೆಸಿಕೊಳ್ಳಹೋಗಿ ಕೆನ್ನೆಗೂ ನೇರಳೆ ಬಳಿದುಕೊಂಡೆ.

ಆಮೇಲೆ ಅವಳು ಆ ಬಟ್ಟಲನ್ನು, ಉಪ್ಪಿನಿಂದ ಮುಖ ಕಿವುಚುತ್ತ, ಚಮಚಕ್ಕೊಂದು ಬೈಗುಳದಂತೆ ಬೈಯುತ್ತ, ತಳ ಕಾಣುವವರೆಗೆ ತಿಂದಳು. ಹೊಟ್ಟೆಗೆ ಒಳ್ಳೆಯದಲ್ಲ, ಬಿಡೆಂದು ನಾನು ಬೇಡಿಕೊಂಡರೂ ಬಿಡಲಿಲ್ಲ. ಬಾಳೆಹಣ್ಣು ಹಣ್ಣಾಗಿರಲಿಲ್ಲವೆಂದಳು, ಹಾಲು ಹೆಚ್ಚಾಯಿತೆಂದಳು, ಆ ಹಣ್ಣು ಮಾತ್ರ ಈಗಲೂ ಮಣ್ಣೇ ಎಂದಳು. ಬೆಳಗಿನ ಪಾರಾಯಣವನ್ನು ನಾನು ಎಂದಿಗೂ ಅಷ್ಟು ಶ್ರದ್ಧೆಯಿಂದ ಆಲಿಸಿದವನಲ್ಲ.

ಬಟ್ಟಲು ಬರಿದಾದ ಮೇಲೆ ಗೋಡೆ ಹಿಡಿದು ಎದ್ದು, ನನ್ನ ತೋಳನ್ನೂ ಹಿಡಿದು, ಅಡುಗೆಮನೆಯ ಬಾಗಿಲವರೆಗೆ ನಡೆದುಬಂದಳು. ನೇರಳೆ ಚಿಮ್ಮಿದ ಗೋಡೆಯನ್ನು ನೋಡಿದಳು. ನೆಲದ ಮೇಲಿನ ಉಪ್ಪನ್ನು ನೋಡಿದಳು. ಬಕೆಟ್ಟಿನಲ್ಲಿ ಮುಳುಗಿದ ಮೇಜುವಸ್ತ್ರವನ್ನು ನೋಡಿದಳು. ನಾನು ತಲೆ ತಗ್ಗಿಸಿ ಸಿದ್ಧನಾಗಿ ನಿಂತೆ. ಆದರೆ ಅವಳ ಕಣ್ಣು ನಾನು ಬರಿದು ಮಾಡಿ ತಂದಿದ್ದ ನನ್ನ ಬಟ್ಟಲಿನ ಮೇಲೆ ನಿಂತಿತು.

“ಇದರಲ್ಲೂ ಅಷ್ಟೇ ಉಪ್ಪಿತ್ತಾ?”

“ಇದ್ದಿರಬೇಕು.”

“ಪೂರ್ತಿ ತಿಂದ್ರಿ. ಚೆನ್ನಾಗಿದೆ ಅಂದ್ರಿ.”

“ಅಂದೆ.”

ಅವಳು ನಿಡಿದಾಗಿ ಉಸಿರೆಳೆದಳು.

“ನನ್ನ ನಾಲಿಗೆಯೇನೋ ಬಂತು ರೀ. ನಿಮ್ಮದು ಯಾವ ಜ್ವರದಲ್ಲಿ ಹೋಗಿತ್ತು?”