ಅತ್ತೆ ಒರಗಿದ ಸ್ಪೀಕರ್

ದುಡ್ಡಿನ ವಿಷ್ಯ ಬಿಡಿ. ಸ್ಪೀಕರ್ ಬದಲಾಯಿಸ್ಬೇಕಾ ಬೇಡ್ವಾ ಅಂತ ನಾನು ಅಷ್ಟು ಒದ್ದಾಡಿದ್ದು ದುಡ್ಡಿಗಲ್ಲ, ಹೆದರಿಕೆಗೆ. ದಿನಾ ಇಲ್ಲಿ ಪೋಸ್ಟ್ ಹಾಕಿ ಕಂಡಕಂಡೋರಿಗೆ ಬಯ್ಯೋ ಹೆಂಗಸು ಒಂದು ಸ್ಪೀಕರ್‌ಗೆ ಹೆದರಿದ್ಲಂತೆ ಅಂತ ನಗ್ತೀರ. ನಕ್ಕೊಳಿ, ಪರ್ವಾಗಿಲ್ಲ.

ನಂಗೆ ಸೌಂಡಿನ ಹುಚ್ಚು ಮೊದಲಿಂದ್ಲೂ ಇದೆ. ಅಕ್ಕಪಕ್ಕದವ್ರು ಒಡವೆ ಅಂಗಡಿ ಮುಂದೆ ನಿಲ್ತಾರೆ, ನಾನು ಆಂಪ್ಲಿಫೈಯರ್ ಅಂಗಡಿ ಮುಂದೆ. ತುಮಕೂರಿನ ನಮ್ಮನೆ ಹಾಲ್‌ನಲ್ಲಿ ಸ್ಟ್ಯಾಂಡ್ ಮೇಲೆ ಎರಡು ಚಿಕ್ಕ ಸ್ಪೀಕರ್ ಇವೆ. ಒಳ್ಳೇವೇ. ಹಾಡೋರು ಉಸಿರು ಎಳ್ಕೊಂಡಿದ್ದೂ ಕೇಳ್ಸುತ್ತೆ. ಆದ್ರೆ ಮೃದಂಗ ಬಂತೋ, ಅಕ್ಕಿ ಡಬ್ಬ ಬಡಿದಂಗೆ. ಅದಕ್ಕೇ ನೆಲದ ಮೇಲೇ ನಿಲ್ಲೋ, ಎದೆ ಮಟ್ಟ ಬರೋ ದೊಡ್ಡ ಸ್ಪೀಕರ್ ಬೇಕು ಅಂತ ವರ್ಷಗಳಿಂದ ಆಸೆ. ಕುಣಿಗಲ್‌ನಲ್ಲಿ ರಿಟೈರ್ಡ್ ಮೇಷ್ಟ್ರೊಬ್ರು ಚಿಕ್ಕ ಮನೆಗೆ ಹೋಗ್ತಿದಾರೆ, ಅಂಥದೇ ಒಂದು ಜೋಡಿ ಮಾರ್ತಾರಂತೆ ಅಂತ ಗೊತ್ತಾದಾಗ ನಂಗೆ ಊಟ ಸೇರ್ಲಿಲ್ಲ.

ಇನ್ನು ನಮ್ಮತ್ತೆ. ಗುಬ್ಬಿ ತಾಲ್ಲೂಕು ನಿಟ್ಟೂರಿನವ್ರು. ಹೋದ ವರ್ಷ ಕೊಟ್ಟಿಗೇಲಿ ಕಣ್ಣು ಕತ್ತಲೆ ಬಂದು ಬಿದ್ರು, ಹಾರ್ಟ್ ಬೀಟ್ ಸ್ಲೋ ಆಗಿದೆ ಅಂತ ಪೇಸ್‌ಮೇಕರ್ ಹಾಕಿದ್ರು. ಎಡಗಡೆ ಕತ್ತಿನ ಮೂಳೆ ಕೆಳಗೆ, ಬೆಂಕಿಪೊಟ್ಟಣ ಹೊಲಿದಿಟ್ಟಂಗೆ ಉಬ್ಬು ಕಾಣುತ್ತೆ. ಆಗಿಂದ ನಮ್ಮ ಜೊತೆಗೇ ಇದಾರೆ. ಮನೆಗೆ ಕಳಿಸುವಾಗ ಡಾಕ್ಟ್ರು ಹೇಳಿದ್ರು, "ಅಜ್ಜಿ, ಫೋನ್ ರವಿಕೆಯೊಳಗೆ ಇಟ್ಕೋಬೇಡಿ. ಮ್ಯಾಗ್ನೆಟ್ ಇರೋದು ಯಾವುದೂ ಎದೆ ಹತ್ರ ಬರಬಾರದು."

"ಎಲೆಅಡಿಕೆ ಚೀಲ ಇಟ್ಕಬೋದಾ?"

"ಇಟ್ಕೊಳಿ."

"ಅಂಗಾರೆ ಸರಿ ಬುಡಿ."

ಮ್ಯಾಗ್ನೆಟ್ ಅಂದಾಗ ನನ್ನ ತಲೇಲಿ ಬಂದಿದ್ದು ಫ್ರಿಜ್ ಮೇಲೆ ಅಂಟಿಸೋ ಬೊಂಬೆ. ತಗೊಂಡೋಗಿ ಅದನ್ನೆಲ್ಲ ಕಸಕ್ಕೆ ಹಾಕ್ದೆ. ಬುದ್ಧಿವಂತೆ ನಾನು!

ಕುಣಿಗಲ್‌ಗೆ ನಾನು, ನಮ್ಮನೆಯವ್ರು ಹೊರಟ್ವಿ. ಅತ್ತೆ ಚಪ್ಪಲಿ ಹಾಕ್ಕೊಂಡು ಆಗ್ಲೇ ಕಾರ್ ಹತ್ರ ನಿಂತಿದ್ರು. "ಮನೇಲಿ ಒಬ್ಳೇ ಗ್ವಾಡೆ ನೋಡ್ಕಂಡು ಏನ್ ಮಾಡ್ಲಿ? ನಾನೂ ಬತ್ತೀನಿ."

ಮೇಷ್ಟ್ರು ಒಳ್ಳೇವ್ರು. ಕಾಫಿ ಕೊಟ್ರು, ಅತ್ತೆಗೆ ಕುರ್ಚಿ ಹಾಕಿದ್ರು. "ಇದನ್ನ ಒಬ್ರೇ ಎತ್ತಕ್ಕಾಗಲ್ಲ ಮೇಡಂ. ಒಳಗಿರೋ ಮ್ಯಾಗ್ನೆಟ್ಟೇ ಅಷ್ಟು ತೂಕ" ಅಂತ ಹೆಮ್ಮೆಯಿಂದ ಹೇಳಿದ್ರು. ನಾನು "ಅಬ್ಬಾ, ಹೌದಾ ಸರ್" ಅಂತ ಹಲ್ಲು ಬಿಟ್ಟೆ. ಆಗ್ಲೂ ಹೊಳೀಲಿಲ್ಲ. ಅತ್ತೆಗೆ ಇಷ್ಟ ಅಂತ ತತ್ವಪದ ಹಾಕ್ಸಿದೆ. ಶುರುವಾಗ್ತಿದ್ದಂಗೇ ಕಣ್ಣು ಮುಚ್ಚಿದೆ. ಅಕ್ಕಿ ಡಬ್ಬ ಹೋಗಿ ನಿಜವಾದ ಚರ್ಮ, ನಿಜವಾದ ಅಂಗೈ ಬಂದಿತ್ತು ಕಣ್ರೀ. ತಗೊಂಡೇ ತಗೋತೀನಿ ಅಂತ ಅಲ್ಲೇ ತೀರ್ಮಾನ ಮಾಡ್ಬಿಟ್ಟೆ.

ಕಣ್ಣು ಬಿಟ್ರೆ ಕುರ್ಚಿ ಖಾಲಿ.

ಅತ್ತೆಗೆ ಕಿವಿ ಸ್ವಲ್ಪ ಮಂದ. ಚಿಕ್ಕವ್ರಿದ್ದಾಗ ನಾಟಕಕ್ಕೆ ಹೋದ್ರೂ ಹಾರ್ಮೋನಿಯಂ ಪಕ್ಕಾನೇ ಹೋಗಿ ಕೂರ್ತಿದ್ರಂತೆ. ಇಲ್ಲೂ ಅದೇ ಮಾಡಿದ್ರು. ನೆಲದ ಮೇಲೆ ಕೂತು, ಎಡಗೈಯಲ್ಲಿ ಸ್ಪೀಕರ್ ತಬ್ಕೊಂಡು, ಎಡ ಎದೇನ ಅದಕ್ಕೆ ಆನಿಸಿ ಒರಗಿದ್ರು. ಕಣ್ಣು ಮುಚ್ಚಿತ್ತು. ಬಾಯಿ ಸ್ವಲ್ಪ ತೆರ್ಕೊಂಡಿತ್ತು. ಇನ್ನೊಂದು ಕೈ ತೊಡೆ ಮೇಲೆ ಸತ್ತಂಗೆ ಬಿದ್ದಿತ್ತು.

ಮ್ಯಾಗ್ನೆಟ್ಟೇ ಅಷ್ಟು ತೂಕ. ಆಗ ಹೊಳೀತು.

"ಅತ್ತೇ!" ಅಂತ ಕಿರುಚ್ಕೊಂಡು ಹೋಗಿ ರಟ್ಟೆ ಹಿಡಿದು ಎಳೆದೆ. ಭಾರವಾಗಿದ್ರು. ಒಂದು ಕ್ಷಣ ಅವ್ರ ತಲೆ ನನ್ನ ಭುಜದ ಮೇಲೆ ಹಂಗೇ ವಾಲಿತು ನೋಡಿ, ಆ ಕ್ಷಣ ಯಾವ ಶತ್ರುಗೂ ಬೇಡ. ಮುಗೀತು, ನನ್ನ ಶೋಕಿಗೆ ಮುದುಕಿ ಪ್ರಾಣ ತೆಗ್ದೆ ಅಂದ್ಕೊಂಡೆ.

"ಯಾಕಮ್ಮಿ, ಎಮ್ಮೆ ಎಳ್ದಂಗ್ ಎಳೀತೀಯ?" ಅಂದ್ರು ಅತ್ತೆ.

ನಾಡಿ ನೋಡೋಣ ಅಂತ ಮಣಿಕಟ್ಟು ಹಿಡಿದ್ರೆ ಬಡೀತಿರೋದು ಅವ್ರದ್ದೋ ನಂದೋ ತಿಳೀಲಿಲ್ಲ. ಮೇಷ್ಟ್ರು ಏನಾಯ್ತು ಅಂತ ಗೊತ್ತಾಗದೆ ಪ್ಲಗ್ಗೇ ಕಿತ್ತಾಕಿದ್ರು. ನಮ್ಮನೆಯವ್ರು ಆಸ್ಪತ್ರೆಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ರು.

"ತಲೆ ಸುತ್ತು ಇದ್ಯಾ? ಮಾತಾಡ್ತಿದಾರಾ?" ಅಂದ್ರು ಡಾಕ್ಟ್ರು.

"ಬಯ್ತಾ ಇದಾರೆ ಡಾಕ್ಟ್ರೇ."

"ಹಂಗಾದ್ರೆ ಗಾಬರಿ ಬೇಡ. ಮ್ಯಾಗ್ನೆಟ್ ಹತ್ರ ಬಂದ್ರೆ ಮೆಷಿನ್ ಹಾರ್ಟ್‌ನ ಒಂದೇ ಸಮ ಬಡಿಸ್ತಾ ಇರುತ್ತೆ, ದೂರ ಹೋದ್ರೆ ಮೊದಲಿನಂಗೆ ಆಗುತ್ತೆ. ಯಾವುದಕ್ಕೂ ಬಂದು ತೋರಿಸ್ಕೊಂಡು ಹೋಗಿ."

ತುಮಕೂರಿನವರೆಗೂ ನಾನು ಹಿಂದಿನ ಸೀಟಲ್ಲಿ ಅತ್ತೆ ಮುಖಾನೇ ನೋಡ್ತಾ ಕೂತಿದ್ದೆ. "ಏನೇ, ನನ್ ಮುಖದಲ್ಲಿ ಸಿನಿಮಾ ಓಡ್ತೈತಾ?" ಅಂತ ಬೈಸ್ಕೊಂಡೆ. ಆಸ್ಪತ್ರೇಲಿ ಮೆಷಿನ್ ಚೆಕ್ ಮಾಡಿ ಎಲ್ಲ ಸರಿಯಾಗಿದೆ ಅಂದ್ರು. ಸ್ಪೀಕರ್ ಮನೇಲಿರಬೋದು, ಮೊಳದಷ್ಟು ದೂರ ಇದ್ರೆ ಏನೂ ಆಗಲ್ಲ, ತಬ್ಕೋಬಾರದು ಅಷ್ಟೇ ಅಂದ್ರು.

"ಮತ್ತಿನ್ನೇನು? ತಗೋ" ಅಂದ್ರು ನಮ್ಮನೆಯವ್ರು. ಗಂಡಸರಿಗೆ ಹೆದರಿಕೆ ಆಸ್ಪತ್ರೆ ಬಾಗಿಲಲ್ಲೇ ಮುಗಿಯುತ್ತೆ ಕಣ್ರೀ. ನಂಗೆ ಅಲ್ಲಿಂದ ಶುರುವಾಯ್ತು.

ಅತ್ತೆಗೂ ಆ ಸ್ಪೀಕರ್ ಬೇಕಾಗಿತ್ತು. "ಕಿವಿಲಲ್ಲ ಕಣವ್ವ, ಮೈಯಾಗೇ ಕೇಳ್ತು. ಎಷ್ಟೋ ವರ್ಷ ಆಗಿತ್ತು ಅಂಗೆ ಕೇಳಿ" ಅಂದ್ರು. ಆಮೇಲೆ ಅವ್ರೇ ಮಾತು ಕೊಟ್ರು. "ಹಿರೇರಿಗೆ ಎಡೆ ಇಕ್ಕಿದ್ ಮ್ಯಾಲೆ ಯಾರಾದ್ರೂ ಮುಟ್ಟಾರಾ? ಅಂಗೇ ಅನ್ಕಂತೀನಿ. ದೂರ ಕುಂತು ಕೇಳ್ತೀನಿ, ತಗಾ."

ಅವ್ರ ಮಾತಿನ ಮೇಲೆ ನಂಗೆ ಅನುಮಾನ ಇಲ್ಲ. ಆದ್ರೆ ಮಾರನೇ ದಿನ ಮಧ್ಯಾಹ್ನ ಊಟ ಆದ್ಮೇಲೆ ಬೀರು ಪಕ್ಕ ಕೂತು ಅವರೆಕಾಯಿ ಸುಲೀತಿದ್ರು. ನೋಡ್ತಾ ನೋಡ್ತಾ ನಿದ್ದೆ ಹತ್ತಿತು, ಮೈ ಮೆಲ್ಲಗೆ ಎಡಕ್ಕೆ ವಾಲಿ ಬೀರಿಗೆ ಆತ್ಕೊಳ್ತು. ಆಗ ಗಮನಿಸಿದೆ. ಅತ್ತೆ ಜೀವಮಾನವೆಲ್ಲ ಕಂಬಕ್ಕೋ ರಾಗಿ ಮೂಟೆಗೋ ಒರಗೇ ಕೂತವ್ರು. ಎಚ್ಚರ ಇದ್ದಾಗ ಮಾತು ಕೊಟ್ಟಿದ್ದು ಅವ್ರು. ನಿದ್ದೇಲಿ ಒರಗೋದು ಅವ್ರ ಮೈ, ಅದು ನಂಗೇನೂ ಮಾತು ಕೊಟ್ಟಿರ್ಲಿಲ್ಲ. ನಾನು ಪೇಟೆಗೆ ಹೋದಾಗ, ಸ್ನಾನಕ್ಕೆ ಹೋದಾಗ, ಅಥವಾ ಕಣ್ಣು ಮುಚ್ಚಿ ಹಾಡು ಕೇಳ್ತಾ ಇರುವಾಗ?

ಒಳಗೆ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿ ಬೇಡ ಅಂದೆ.

ಅತ್ತೆ ಗಲಾಟೆ ಎಬ್ಬಿಸಿದ್ರು. ಮಗನ ಹತ್ರ, "ನೋಡ್ಲಾ, ನಿನ್ ಎಂಡ್ತಿ ನನ್ ಎಸ್ರೇಳಿ ಕಾಸು ಉಳಿಸ್ಕಂಡ್ಲು!" ನನ್ನ ಹತ್ರ ಇನ್ನೊಂದು ಮಾತು. "ನಾನ್ ಇಲ್ಲಿರೋದ್ಕೆ ತಾನೇ ನಿಂಗೆ ಅಡ್ಡಿ? ನಿಟ್ಟೂರ್ಗೆ ಓಯ್ತೀನಿ. ಆರಾಮಾಗಿ ತಂದು ಇಟ್ಕ." ಹೇಳಿ ಸುಮ್ನಾಗ್ಲಿಲ್ಲ, ಚೀಲಕ್ಕೆ ಸೀರೆ ತುಂಬಕ್ಕೆ ಶುರು ಮಾಡಿದ್ರು. ಅಲ್ಲಿ ಬಿದ್ರೆ ಎತ್ತೋರು ಯಾರು? ಸೌಂಡ್ ಚೆನ್ನಾಗಿರ್ಲಿಲ್ಲ ಅತ್ತೆ, ಅದಕ್ಕೇ ಬಿಟ್ಟೆ ಅಂದೆ.

"ಯಾರ್ಗೆ ಯೋಳ್ತೀಯೆ ಸುಳ್ಳ? ನಿನ್ಗಿಂತ ಅತ್ರದಾಗ್ ಕೇಳಿವ್ನಿ ನಾನು."

ಚೀಲ ಕಿತ್ಕೊಂಡೆ. "ನಂಗೆ ಹೆದ್ರಿಕೆ ಅತ್ತೆ. ಅವತ್ತು ನೀವು ಹೋಗ್ಬಿಟ್ರಿ ಅನ್ಕೊಂಡೆ. ಇನ್ನೊಂದ್ಸಲ ಅದನ್ನ ನೋಡಕ್ಕೆ ನನ್ ಕೈಲಾಗಲ್ಲ."

ಅತ್ತೆ ನನ್ನನ್ನೇ ನೋಡಿದ್ರು. ಮದುವೆಯಾಗಿ ಬಂದಾಗಿಂದ ಅವ್ರ ಹತ್ರ ಜಗಳ ಆಡಿದೀನಿ, ಮಾತು ಬಿಟ್ಟಿದೀನಿ, ಹೆದರಿದ್ದು ಮಾತ್ರ ಅವ್ರು ನೋಡಿರ್ಲಿಲ್ಲ.

"ಥೂ, ಪುಕ್ಲಿ" ಅಂದ್ರು. ಚೀಲದಿಂದ ಒಂದೊಂದೇ ಸೀರೆ ತೆಗೆದು ವಾಪಸ್ ಬೀರಿಗೆ ಇಟ್ರು. ಆಮೇಲೆ ನಗ್ತಾ, ಸಂತೇಲಿ ಸೊಪ್ಪಿನ ವಿಷ್ಯ ಹೇಳಿದಂಗೆ ಹೇಳಿದ್ರು, "ನಾನ್ ಸತ್ತೋದ್ ಮ್ಯಾಲೆ ತಗಾ ಬುಡು."

ಅವ್ರು ಹೇಳಿದ್ದು ತಮಾಷೆಗೆ. ನಂಗೆ ಮಾತ್ರ ಆ ಸ್ಪೀಕರ್ ಮನೆಗೆ ಬಂತು ಅಂದ್ರೆ ಅತ್ತೆ ಇಲ್ಲ ಅಂತ, ಈಗ ಅದೊಂದೇ ಅರ್ಥ. ಆಸೇನೂ ಪೂರ್ತಿ ಸತ್ತಿಲ್ಲ ನೋಡಿ, ಅದೇ ಇನ್ನೂ ಹೆಚ್ಚು ಭಯ. ಹಾಡು ಕೇಳ್ತಾ ಮೃದಂಗ ಬಂದಾಗ ಅಯ್ಯೋ ಆ ಜೋಡಿ ಇರ್ಬೇಕಿತ್ತು ಅಂತ ಮನಸ್ಸು ಅನ್ನುತ್ತೆ. ಅಂದ ತಕ್ಷಣ ಎದ್ದು ಹೋಗಿ ಅತ್ತೆ ಎಲ್ಲಿದಾರೆ ನೋಡ್ಕೊಂಡು ಬರ್ತೀನಿ.

ಮೊನ್ನೆ ಮೇಷ್ಟ್ರೇ ಫೋನ್ ಮಾಡಿದ್ರು. "ಮೇಡಂ, ಇನ್ನೂ ಯಾರೂ ತಗೊಂಡಿಲ್ಲ. ನೀವು ಅಷ್ಟು ಇಷ್ಟಪಟ್ಟಿದ್ರಿ. ನಿಮ್ಗೋಸ್ಕರ ಎತ್ತಿಟ್ಟಿರ್ಲಾ? ನಿಮ್ಗೆ ಯಾವಾಗ ಅನುಕೂಲ ಆಗುತ್ತೋ ಆವಾಗ ಬನ್ನಿ."

ಪಾಪ, ಒಳ್ಳೆ ಮನಸ್ಸಿಂದ ಹೇಳಿದ್ದು. ನಂಗೆ ಕೇಳ್ಸಿದ್ದು ಮಾತ್ರ, ಅತ್ತೆ ಹೋಗೋವರೆಗೂ ಎತ್ತಿಟ್ಟಿರ್ಲಾ ಅಂತ.

"ಬೇಡ ಸರ್. ಇಡ್ಬೇಡಿ. ಯಾರಿಗಾದ್ರೂ ಕೊಟ್ಬಿಡಿ. ಬೇಗ ಕೊಟ್ಬಿಡಿ."

"ಯಾರೇ ಅದು ಫೋನು?" ಅಂತ ಅಡಿಗೆಮನೆಯಿಂದ ಅತ್ತೆ ಕೂಗಿದ್ರು.

"ರಾಂಗ್ ನಂಬರ್ ಅತ್ತೆ" ಅಂದೆ.