ಔರಾದದ ನಮ್ಮ ಐಸಿಯು

ಬೀದರಿನ ಕಚೇರಿಯಲ್ಲಿ ಕೂತು ಜಿಲ್ಲೆಯ ಆಸ್ಪತ್ರೆಗಳ ಲೆಕ್ಕ ಹೋಲಿಸುವುದು ನನ್ನ ಕೆಲಸ. ಐಸಿಯು ಸೇರಿದವರಲ್ಲಿ ಯಾರು ಉಳಿದರು, ಯಾರು ಹೋದರು ಎಂದು ಪಕ್ಕಪಕ್ಕ ಇಟ್ಟು ನೋಡಿದರೆ, ಔರಾದದ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಸಾವೇ ಇರಲಿಲ್ಲ. ಅದನ್ನು ಕಟ್ಟಿಸಿದವರಲ್ಲಿ ನಮ್ಮಪ್ಪನೂ ಒಬ್ಬ. ಮೀಟಿಂಗಿನಲ್ಲಿ ಎಲ್ಲರೂ ಹೊಗಳುವಾಗ ನಾನು ಸೆರಗು ಸರಿಮಾಡಿಕೊಂಡು ಬೀಗುತ್ತ ಕೂತಿದ್ದೆ. ಬೀದರಿನ ಡಾಕ್ಟರೊಬ್ಬರಿಗೆ ಸಿಟ್ಟು ಬಂತು. “ಮೊದಲಿಗೆ ಐಸಿಯು ಅಂದ್ರ ಏನಂತ ಹೇಳ್ರಿ ಮೇಡಂ. ಉಸಿರಿಗೆ ಕೊಳವಿ ಹಾಕಿದ ಪೇಶಂಟ್ ನಮ್ಮಲ್ಲಿ ಇರ್ತಾರ. ಅವರಲ್ಲಿ?”

ಹಾಗಾಗಿ ಎಲ್ಲರಿಗೂ ಒಂದೇ ಅಳತೆ ಗೊತ್ತುಮಾಡಿದೆವು. ಉಸಿರಾಡಿಸುವ ಯಂತ್ರ ಇರಬೇಕು, ಅದನ್ನು ನಡೆಸಬಲ್ಲ ಡಾಕ್ಟರು ಹಗಲೂ ರಾತ್ರಿ ಇರಬೇಕು, ನರ್ಸು ಮಂಚ ಬಿಟ್ಟು ಕದಲಬಾರದು. ಭಾಲ್ಕಿಯ ಆಸ್ಪತ್ರೆಯೊಂದರಲ್ಲಿ ಯಂತ್ರವಿತ್ತು, ನಡೆಸುವವರಿರಲಿಲ್ಲ. “ನಮ್ದು ಐಸಿಯು ಅಲ್ಲಂತ ಬರ್ಕೋರಿ” ಎಂದು ಅಲ್ಲಿಯವರು ಚಹಾ ಕುಡಿಸಿ ಕಳಿಸಿದರು.

ಔರಾದದಲ್ಲಿ ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ. ಗಾಜಿನ ಬಾಗಿಲು, ಮೇಲೆ ಕೆಂಪಕ್ಷರದ ಐಸಿಯು ಬೋರ್ಡು. ಎಕಂಬಾದ ಕುರಿಗಾರರು ಮನೆಗೊಂದು ಟಗರು ಕೊಟ್ಟು ಒಳಗೆ ಎಸಿ ಹಾಕಿಸಿದ್ದರು.

“ಚಪ್ಪಲಿ ಹೊರಗ ಬಿಡವ್ವಾ. ಇಲ್ಲಿ ತಹಸೀಲ್ದಾರ ಬಂದ್ರೂ ಚಪ್ಪಲಿ ಹೊರಗೇ” ಎಂದ. ಅಪ್ಪನ ಪ್ರಕಾರ ಚಪ್ಪಲಿ ಬಿಡಿಸುವ ಕೋಣೆಯೇ ಐಸಿಯು. ಒಳಗೆ ಮಂಚಗಳು, ಆಕ್ಸಿಜನ್ ಸಿಲಿಂಡರು, ಅಷ್ಟೇ.

“ದಮ್ಮು ಹೆಚ್ಚಾದ್ರ ಏನ್ ಮಾಡ್ತೀರಿ?” ಎಂದು ನರ್ಸನ್ನು ಕೇಳಿದೆ.

“ಬೀದರಿಗೆ ಕಳಸ್ತೇವ್ರಿ.”

ಸಾವಿಲ್ಲದ ಗುಟ್ಟು ಇಷ್ಟೇ. ಮೀಟಿಂಗಿನಲ್ಲಿ ಬೀಗಿದ್ದು ನೆನಪಾಗಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಅಪ್ಪಾ, ಇದನ್ನ ಲೆಕ್ಕದಾಗ ಹಿಡಿಯಾಕ ಬರಂಗಿಲ್ಲ.”

“ಲೆಕ್ಕದಾಗ ಬ್ಯಾಡ. ಬೋರ್ಡಾದ್ರೂ ಇರ್ಲಿ. ಟಗರ ಕೊಟ್ಟವರಿಗೆ ನಾ ಹ್ಯಾಂಗ ಮಾರಿ ತೋರಸ್ಲಿ?”

ಬೋರ್ಡಿನ ಮಾತು ಅಲ್ಲಿಗೇ ಬಿಟ್ಟೆ. ಊರವರೆದುರು ಅಪ್ಪನ ಮರ್ಯಾದೆ ತೆಗೆಯಲು ನನಗೂ ಮನಸ್ಸಿರಲಿಲ್ಲ.

ಅಷ್ಟರಲ್ಲಿ ಡಾಬಕಾ ಹಳ್ಳಿಯಿಂದ ಒಂದು ಟಮ್‌ಟಮ್ ಆಟೋ ಬಂತು. ಒಬ್ಬ ಮುದುಕ ಹೆಂಡತಿಯನ್ನು ತೋಳಿಗೆ ಆನಿಸಿಕೊಂಡು ಇಳಿಸಿದ. ಆಕೆಗೆ ಉಸಿರು ಸಿಗುತ್ತಿರಲಿಲ್ಲ, ತುಟಿ ನೀಲಿಗಟ್ಟಿತ್ತು. ಬೋರ್ಡು ನೋಡಿ, “ಐಸಿಯು ಬಂತು, ಇನ್ನ ಅಂಜಬ್ಯಾಡ” ಎಂದು ಆಕೆಗೆ ಹೇಳಿ, ಟಮ್‌ಟಮ್ಮಿನವನನ್ನು ಕಳಿಸಿಬಿಟ್ಟ. ಬಾಗಿಲಲ್ಲಿ ಬಗ್ಗಿ ಆಕೆಯ ಚಪ್ಪಲಿಯನ್ನೂ ತಾನೇ ಬಿಚ್ಚಿದ.

ನರ್ಸು ಆಕ್ಸಿಜನ್ ಹಚ್ಚಿ, ತಕ್ಷಣ ಬೀದರಿಗೆ ಒಯ್ಯಬೇಕೆಂದಳು. ಆಸ್ಪತ್ರೆಯ ಗಾಡಿ ಇನ್ನೊಬ್ಬರನ್ನು ಬಿಡಲು ಹೋಗಿತ್ತು. ಅಪ್ಪ ಬರಿಗಾಲಲ್ಲಿ ರಸ್ತೆಗೆ ಓಡಿದ, ಟಮ್‌ಟಮ್ ಕಾಣಲಿಲ್ಲ. ಕೊನೆಗೆ ನಾನು ಬಂದ ಕಾರಿನಲ್ಲೇ ಸಿಲಿಂಡರು ಸಮೇತ ಆಕೆಯನ್ನು ಮಲಗಿಸಿದೆವು. ಅಪ್ಪ ಮುದುಕನ ಕೈ ಹಿಡಿದು, “ಯಣ್ಣಾ, ಇದು ಖರೇ ಐಸಿಯು ಅಲ್ರಿ” ಎಂದ.

ಮುದುಕ ಸಿಟ್ಟಾಗಲಿಲ್ಲ. “ಮತ್ತ ಹಂಗಂತ ಯಾಕ ಬರಸೀರಿ ಯಪ್ಪಾ? ನಾ ಗಾಡಿ ಕಳಿಸಿಬಿಟ್ನಲ್ಲ” ಎಂದ.

ಅಂದೇ ಅಪ್ಪ ತಾನೇ ಏಣಿ ಹತ್ತಿ ಬೋರ್ಡು ಇಳಿಸಿದನಂತೆ. ಆಕೆ ಬೀದರಿನ ಐಸಿಯುನಲ್ಲಿ ತೀರಿಕೊಂಡಳು. ನಾವು ಗೊತ್ತುಮಾಡಿದ ಅಳತೆಯ ಪ್ರಕಾರ ಆ ಸಾವು ಬೀದರಿನ ಲೆಕ್ಕಕ್ಕೆ. ಅಲ್ಲಿಗೆ ಸೇರಿಸಿದವಳು ನಾನೇ. ಔರಾದದಲ್ಲಿ ಈಗಲೂ ಯಾರೂ ಸತ್ತಿಲ್ಲ.